ಬಡವರ ಪಟ್ಟಿಯ ಕಾಳಗ: ಬಿಪಿಎಲ್ ಕಾರ್ಡ್ ಕೇವಲ ಅಕ್ಕಿಯ ಪ್ರಶ್ನೆಯಲ್ಲ

ಪಡಿತರ ಚೀಟಿಗಳ ಪರಿಷ್ಕರಣೆಗೆ ಮುಂದಾದ ಸರ್ಕಾರ ಕೈ ಸುಟ್ಟುಕೊಳ್ಳುವುದು ಕರ್ನಾಟಕದಲ್ಲಿ ಹೊಸತೇನಲ್ಲ. 2024ರ ನವೆಂಬರ್‌ನಲ್ಲಿ ಆಹಾರ ಇಲಾಖೆಯು ಅನರ್ಹರನ್ನು ಪತ್ತೆ ಹಚ್ಚುವ ಹೆಸರಿನಲ್ಲಿ ಸಾವಿರಾರು ಬಿಪಿಎಲ್ ಕಾರ್ಡ್‌ಗಳನ್ನು ರದ್ದುಪಡಿಸಿತು, ಇಲ್ಲವೇ ಎಪಿಎಲ್‌ಗೆ ವರ್ಗಾಯಿಸಿತು. ತಿಂಗಳ ಪಡಿತರಕ್ಕೆಂದು ನ್ಯಾಯಬೆಲೆ ಅಂಗಡಿಗೆ ಹೋದವರಿಗೆ, ತಮ್ಮ ಹೆಸರು ಪಟ್ಟಿಯಲ್ಲಿಲ್ಲ ಎಂಬ ಸಂಗತಿ ಗೊತ್ತಾದದ್ದು ಯಂತ್ರದ ಮುಂದೆ ಹೆಬ್ಬೆರಳು ಒತ್ತಿದಾಗ. ಗ್ಯಾರಂಟಿ ಯೋಜನೆಗಳಿಗೆ ಹಣ ಹೊಂದಿಸಲಾಗದೆ ಸರ್ಕಾರ ಬಡವರ ಅನ್ನಕ್ಕೆ ಕನ್ನ ಹಾಕಿದೆ ಎಂದು ಬಿಜೆಪಿ ಮತ್ತು ಜೆಡಿಎಸ್ ಬೀದಿಗಿಳಿದವು. ಕೆಲವೇ ದಿನಗಳಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಪಾವತಿದಾರರನ್ನು ಹೊರತುಪಡಿಸಿ ಬೇರೆ ಯಾರ ಕಾರ್ಡನ್ನೂ ರದ್ದುಪಡಿಸಕೂಡದೆಂದು ಸೂಚಿಸಬೇಕಾಯಿತು.

ಇದಕ್ಕೂ ಮುನ್ನ, 2021ರ ಫೆಬ್ರುವರಿಯಲ್ಲಿ, ಬಿಜೆಪಿ ಸರ್ಕಾರದ ಆಹಾರ ಸಚಿವರಾಗಿದ್ದ ಉಮೇಶ ಕತ್ತಿ ಅವರು ಟಿ.ವಿ., ಫ್ರಿಜ್, ದ್ವಿಚಕ್ರ ವಾಹನ ಉಳ್ಳವರು ಬಿಪಿಎಲ್ ಕಾರ್ಡ್‌ಗಳನ್ನು ಹಿಂದಿರುಗಿಸಬೇಕು ಎಂದಿದ್ದರು. ಆಗ ಬಡವರ ಪರವಾಗಿ ಬೀದಿಗಿಳಿದದ್ದು ಕಾಂಗ್ರೆಸ್. ಸಚಿವರು ಮಾತನ್ನು ಹಿಂದೆಗೆದುಕೊಳ್ಳಲು ಹೆಚ್ಚು ಕಾಲ ಬೇಕಾಗಲಿಲ್ಲ. ಮೂರೂಮುಕ್ಕಾಲು ವರ್ಷಗಳ ಅಂತರದಲ್ಲಿ ಪಕ್ಷಗಳು ಜಾಗ ಅದಲುಬದಲು ಮಾಡಿಕೊಂಡಿದ್ದವು. ಮಾತುಗಳು ಮಾತ್ರ ಅವೇ ಆಗಿದ್ದವು.

ಎರಡೂ ಸಂದರ್ಭಗಳಲ್ಲಿ ನಗರಗಳ ವಿದ್ಯಾವಂತ ವಲಯದಲ್ಲಿ ಕೇಳಿಬಂದ ಪ್ರಶ್ನೆಯೂ ಒಂದೇ. ನೀತಿ ಆಯೋಗದ ಬಹುಆಯಾಮದ ಬಡತನ ಸೂಚ್ಯಂಕದ ಪ್ರಕಾರ 2019–21ರ ವೇಳೆಗೆ ಕರ್ನಾಟಕದಲ್ಲಿ ಬಡವರ ಪ್ರಮಾಣ ಶೇ 8ಕ್ಕಿಂತ ಕಡಿಮೆ. ಆದರೆ ಸಬ್ಸಿಡಿ ಪಡಿತರದ ವ್ಯಾಪ್ತಿಯಲ್ಲಿರುವವರು ರಾಜ್ಯದ ಜನಸಂಖ್ಯೆಯ ಸುಮಾರು ಮೂರನೇ ಎರಡರಷ್ಟು. ಹಾಗಾದರೆ ಉಳಿದವರೆಲ್ಲ ಸುಳ್ಳು ಹೇಳಿ ಕಾರ್ಡ್ ಪಡೆದವರೇ? ಮೇಲ್ನೋಟಕ್ಕೆ ಹೌದೆನ್ನಿಸುವ ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಬಡತನ ರೇಖೆ ಎಂಬ ಗೆರೆ ಪಡಿತರ ವ್ಯವಸ್ಥೆಯೊಳಗೆ ಬಂದ ಬಗೆಯನ್ನು ನೋಡಬೇಕಾಗುತ್ತದೆ.

ಗೆರೆ ಎಳೆದದ್ದು 1997ರಲ್ಲಿ

ಎರಡನೇ ಮಹಾಯುದ್ಧದ ಕಾಲದಲ್ಲಿ ನಗರಗಳಲ್ಲಿ ಬೇರೂರಿದ ಪಡಿತರ ಪದ್ಧತಿಗೆ ಬಡವ–ಬಲ್ಲಿದ ಎಂಬ ಭೇದವಿರಲಿಲ್ಲ. 1965ರಲ್ಲಿ ಭಾರತೀಯ ಆಹಾರ ನಿಗಮ ಸ್ಥಾಪನೆಯಾದ ಬಳಿಕವೂ ತಾತ್ವಿಕವಾಗಿ ಎಲ್ಲ ಕುಟುಂಬಗಳಿಗೂ ಪಡಿತರ ಪಡೆಯುವ ಅವಕಾಶವಿತ್ತು. ಇಂದು ಐವತ್ತು ದಾಟಿರುವ ನಗರವಾಸಿಗಳಲ್ಲಿ ಅನೇಕರಿಗೆ ಬಾಲ್ಯದಲ್ಲಿ ಸಕ್ಕರೆ, ಸೀಮೆಎಣ್ಣೆ, ತಾಳೆ ಎಣ್ಣೆಗಾಗಿ ಚೀಲ, ಡಬ್ಬಿ ಹಿಡಿದು ಸಾಲಿನಲ್ಲಿ ನಿಂತ ನೆನಪಿರಬಹುದು. ಗುಮಾಸ್ತರ ಮನೆಯವರೂ ಕೂಲಿಕಾರರ ಮನೆಯವರೂ ಅದೇ ಸಾಲಿನಲ್ಲಿ ನಿಲ್ಲುತ್ತಿದ್ದರು. ಪಡಿತರ ಪಡೆಯುವುದು ನಾಚಿಕೆಯ ಸಂಗತಿಯೂ ಆಗಿರಲಿಲ್ಲ, ಅಪರಾಧವೂ ಆಗಿರಲಿಲ್ಲ.

1997ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಉದ್ದೇಶಿತ ಪಡಿತರ ಪದ್ಧತಿಯನ್ನು ಜಾರಿಗೆ ತಂದಿತು. ಬಡತನ ರೇಖೆಗಿಂತ ಕೆಳಗಿರುವವರಿಗೆ ಒಂದು ದರ, ಮೇಲಿರುವವರಿಗೆ ಇನ್ನೊಂದು. ಆರಂಭದಲ್ಲಿ ಬಡ ಕುಟುಂಬಕ್ಕೆ ತಿಂಗಳಿಗೆ ದೊರೆತದ್ದು 10 ಕೆ.ಜಿ. ಧಾನ್ಯ ಮಾತ್ರ. 2000ದ ಏಪ್ರಿಲ್‌ನಲ್ಲಿ ಎಪಿಎಲ್ ದರವನ್ನು ಸರ್ಕಾರಕ್ಕೆ ತಗಲುವ ಪೂರ್ಣ ವೆಚ್ಚದ ಮಟ್ಟಕ್ಕೆ ಏರಿಸಿದಾಗ ಮಧ್ಯಮ ವರ್ಗಕ್ಕೆ ನ್ಯಾಯಬೆಲೆ ಅಂಗಡಿಯ ಕಡೆ ಮುಖ ಮಾಡುವ ಕಾರಣವೇ ಉಳಿಯಲಿಲ್ಲ.

ಇದರಿಂದಾದ ಪರಿಣಾಮ ವಿಚಿತ್ರವಾಗಿತ್ತು. ಒಂದೆಡೆ ಕೊಳ್ಳುವವರಿಲ್ಲದೆ ಗೋದಾಮುಗಳಲ್ಲಿ ಧಾನ್ಯ ಕೊಳೆಯತೊಡಗಿತು. 2002ರ ಮಧ್ಯಭಾಗದಲ್ಲಿ ದೇಶದ ದಾಸ್ತಾನು ಆರು ಕೋಟಿ ಟನ್ ಮೀರಿತ್ತು. ಇನ್ನೊಂದೆಡೆ ರಾಜಸ್ಥಾನವೂ ಸೇರಿದಂತೆ ಬರಪೀಡಿತ ಪ್ರದೇಶಗಳಲ್ಲಿ ಜನ ಹಸಿದಿದ್ದರು. 2001ರಲ್ಲಿ ಪಿಯುಸಿಎಲ್ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ್ದು ಈ ವೈಪರೀತ್ಯವನ್ನು ಮುಂದಿಟ್ಟೇ. ಆಹಾರದ ಹಕ್ಕಿನ ಪ್ರಕರಣವೆಂದೇ ಹೆಸರಾದ ಆ ಮೊಕದ್ದಮೆಯ ಮಧ್ಯಂತರ ಆದೇಶಗಳು ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟವನ್ನು ಕಡ್ಡಾಯಗೊಳಿಸಿದವು.

ಮಧ್ಯಮ ವರ್ಗ ಸಾಲಿನಿಂದ ಹೊರನಡೆದದ್ದರ ಇನ್ನೊಂದು ಪರಿಣಾಮ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ತೂಕದಲ್ಲಿ ಮೋಸವಾದರೆ ಪ್ರಶ್ನಿಸುವ, ಪತ್ರಿಕೆಗೆ ಪತ್ರ ಬರೆಯುವ, ತಹಶೀಲ್ದಾರರ ಕಚೇರಿಗೆ ಹೋಗಿ ಜಗಳ ಕಾಯುವ ಜನ ಆ ಸಾಲಿನಲ್ಲಿ ಇಲ್ಲವಾದರು. ಬಿಪಿಎಲ್ ಕುಟುಂಬಗಳಿಗೆಂದು ಬಿಡುಗಡೆಯಾದ ಧಾನ್ಯದಲ್ಲಿ ಶೇ 58ರಷ್ಟು ಅವರನ್ನು ತಲುಪುತ್ತಿಲ್ಲವೆಂದು ಯೋಜನಾ ಆಯೋಗದ ಮೌಲ್ಯಮಾಪನ ವಿಭಾಗವೇ 2005ರಲ್ಲಿ ವರದಿ ನೀಡಿತು. ಬಡವರಿಗೆಂದೇ ಮೀಸಲಾದ ವ್ಯವಸ್ಥೆ ಬಡವರಷ್ಟೇ ದುರ್ಬಲವಾಯಿತು.

ಗೆರೆಯ ಎತ್ತರದ ಬಗ್ಗೆಯೂ ಒಮ್ಮತವಿರಲಿಲ್ಲ. ನಗರದಲ್ಲಿ ದಿನಕ್ಕೆ 32 ರೂ., ಗ್ರಾಮದಲ್ಲಿ 26 ರೂ. ಖರ್ಚು ಮಾಡಬಲ್ಲವನು ಬಡವನಲ್ಲ ಎಂಬರ್ಥ ಬರುವ ಪ್ರಮಾಣಪತ್ರವನ್ನು ಯೋಜನಾ ಆಯೋಗ 2011ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿ ನಗೆಪಾಟಲಿಗೀಡಾಯಿತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಈ ಕಾರಣದಿಂದಲೇ ಬಡತನ ರೇಖೆಯನ್ನು ಬದಿಗಿಟ್ಟಿತು. ಗ್ರಾಮೀಣ ಜನರಲ್ಲಿ ಶೇ 75, ನಗರವಾಸಿಗಳಲ್ಲಿ ಶೇ 50ರವರೆಗೆ ಸಬ್ಸಿಡಿ ಧಾನ್ಯ ನೀಡಬೇಕೆಂಬುದು ಆ ಕಾಯ್ದೆಯ ಆಶಯ. ಅದರಂತೆ ಕರ್ನಾಟಕದ ಪಾಲಿಗೆ ಬಂದದ್ದು 4 ಕೋಟಿಗೂ ತುಸು ಹೆಚ್ಚು ಜನ. 2011ರ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆ 6.11 ಕೋಟಿ ಇದ್ದುದನ್ನು ನೆನೆದರೆ ಮೂರನೇ ಎರಡರ ಲೆಕ್ಕ ಎಲ್ಲಿಂದ ಬಂತೆಂಬುದು ತಿಳಿಯುತ್ತದೆ.

ಅಂದರೆ, ಕಾಯ್ದೆಯಲ್ಲಿ ಬಿಪಿಎಲ್ ಎಂಬ ವರ್ಗವೇ ಇಲ್ಲ. ಅಲ್ಲಿರುವುದು ಅಂತ್ಯೋದಯ ಮತ್ತು ಆದ್ಯತಾ ಕುಟುಂಬ ಎಂಬ ಎರಡು ವರ್ಗಗಳು. ಕಡುಬಡವರಷ್ಟೇ ಅಲ್ಲ, ಒಂದು ಕಾಯಿಲೆ ಬಿದ್ದರೆ, ಒಂದು ಬೆಳೆ ಕೈಕೊಟ್ಟರೆ ಬಡತನಕ್ಕೆ ಜಾರಬಹುದಾದವರೂ ಅದರ ವ್ಯಾಪ್ತಿಯಲ್ಲಿದ್ದಾರೆ. ಆದರೆ ಹಳೆಯ ಹೆಸರು ಜನರ ಬಾಯಲ್ಲಿ ಮಾತ್ರವಲ್ಲ, ಮಂತ್ರಿಗಳ ಬಾಯಲ್ಲೂ ಉಳಿದುಕೊಂಡಿದೆ. ಹೆಸರು ಉಳಿದದ್ದರಿಂದ ಅನುಮಾನವೂ ಉಳಿದಿದೆ. ಶೇ 8 ಬಡವರಿರುವ ರಾಜ್ಯದಲ್ಲಿ ಇಷ್ಟೊಂದು ಬಿಪಿಎಲ್ ಕಾರ್ಡ್ ಏಕೆಂಬ ಪ್ರಶ್ನೆ ಎರಡು ಬೇರೆ ಬೇರೆ ಅಳತೆಗೋಲುಗಳನ್ನು ಒಂದೆಂದು ಭಾವಿಸಿದ್ದರ ಫಲ.

ಸುಳ್ಳು ಹೇಳಿಸುವ ಮಾನದಂಡ

ಹಾಗೆಂದ ಮಾತ್ರಕ್ಕೆ ಅನರ್ಹರು ಇಲ್ಲವೇ ಇಲ್ಲ ಎಂದಲ್ಲ. ಕಾರು ಇರುವವರ ಮನೆಯಲ್ಲೂ, ಸರ್ಕಾರಿ ನೌಕರರ ಮನೆಯಲ್ಲೂ ಈ ಕಾರ್ಡ್‌ಗಳಿರುವುದು ಇಲಾಖೆಯ ತಪಾಸಣೆಗಳಲ್ಲಿ ಮತ್ತೆ ಮತ್ತೆ ಬಯಲಾಗಿದೆ. ಆದರೆ 2024ರ ವಿವಾದದ ವೇಳೆ ಜಾರಿಯಲ್ಲಿದ್ದ ಮಾನದಂಡಗಳನ್ನು ಗಮನಿಸಿದರೆ ಸಮಸ್ಯೆಯ ಇನ್ನೊಂದು ಮುಖ ಕಾಣುತ್ತದೆ. ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂ. ಮೀರಿರಬಾರದು, ಮೂರು ಹೆಕ್ಟೇರ್‌ಗಿಂತ ಹೆಚ್ಚು ಒಣಭೂಮಿ ಇರಬಾರದು, ನಗರದಲ್ಲಿ ಸಾವಿರ ಚದರ ಅಡಿಗಿಂತ ದೊಡ್ಡ ಪಕ್ಕಾ ಮನೆ ಇರಬಾರದು, ಸ್ವಂತ ಬಳಕೆಯ ನಾಲ್ಕು ಚಕ್ರದ ವಾಹನ ಇರಬಾರದು, ಆದಾಯ ತೆರಿಗೆ ಕಟ್ಟುತ್ತಿರಬಾರದು.

1.20 ಲಕ್ಷ ಎಂದರೆ ತಿಂಗಳಿಗೆ 10,000 ರೂ. ಅದೂ ಇಡೀ ಕುಟುಂಬಕ್ಕೆ. ಬೆಂಗಳೂರಿನ ವಸತಿ ಸಮುಚ್ಚಯವೊಂದರ ಗೇಟಿನಲ್ಲಿ ಹನ್ನೆರಡು ತಾಸು ನಿಲ್ಲುವ ಕಾವಲುಗಾರನಿಗೆ ಸರ್ಕಾರವೇ ನಿಗದಿಪಡಿಸಿದ ಕನಿಷ್ಠ ವೇತನ ಕೊಟ್ಟರೂ ಅವನು ಈ ಮಿತಿಯನ್ನು ದಾಟುತ್ತಾನೆ. ಅವನ ಹೆಂಡತಿ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆದು ತರುವ ಹಣವನ್ನು ಸೇರಿಸಿದರಂತೂ ಕೇಳುವುದೇ ಬೇಡ. ಒಂದು ಇಲಾಖೆ ಕನಿಷ್ಠವೆಂದು ಕರೆದ ಸಂಬಳವನ್ನು ಇನ್ನೊಂದು ಇಲಾಖೆ ಸ್ಥಿತಿವಂತಿಕೆ ಎಂದು ಪರಿಗಣಿಸುತ್ತದೆ. ಹೀಗಿರುವಾಗ ನಾಡಕಚೇರಿಯಿಂದ ಪಡೆಯುವ ಆದಾಯ ಪ್ರಮಾಣಪತ್ರದಲ್ಲಿ ನಿಜವಾದ ಮೊತ್ತ ಬರೆಸುವವರು ಯಾರು? ಮಾನದಂಡವನ್ನು ಅಕ್ಷರಶಃ ಪಾಲಿಸಿದರೆ ಅರ್ಹ ಬಡವರೂ ಹೊರಬೀಳುತ್ತಾರೆ, ಪಾಲಿಸದಿದ್ದರೆ ಎಲ್ಲರೂ ಒಳಬರುತ್ತಾರೆ. ಅಧಿಕಾರಿಗಳು ಎರಡನೆಯದನ್ನು ಆರಿಸಿಕೊಳ್ಳುತ್ತಾರೆ. ಪರಿಷ್ಕರಣೆಯ ಆದೇಶ ಬಂದಾಗ ಮಾತ್ರ ಥಟ್ಟನೆ ಮೊದಲನೆಯದಕ್ಕೆ ಮರಳುತ್ತಾರೆ.

2024ರಲ್ಲಿ ನಡೆದದ್ದೂ ಹೀಗೆಯೇ. ಪಾನ್ ಮತ್ತು ಆಧಾರ್ ಮಾಹಿತಿಯನ್ನು ತಾಳೆ ನೋಡಿದಾಗ ಆದಾಯ ತೆರಿಗೆಯ ದಾಖಲೆಯಲ್ಲಿ ಹೆಸರಿದ್ದವರು ಸಿಕ್ಕಿಬಿದ್ದರು. ಅವರಲ್ಲಿ ನಿಜವಾದ ಸ್ಥಿತಿವಂತರಿದ್ದರು. ಜೊತೆಗೆ, ಬ್ಯಾಂಕ್ ಸಾಲ ಪಡೆಯಲು ಅಗತ್ಯವೆಂದು ರಿಟರ್ನ್ಸ್ ಸಲ್ಲಿಸಿ ಒಂದು ರೂಪಾಯಿ ತೆರಿಗೆಯನ್ನೂ ಕಟ್ಟಿರದ ಸಣ್ಣ ವ್ಯಾಪಾರಿಗಳೂ ತಮ್ಮ ಕಾರ್ಡ್ ಹೋಯಿತೆಂದು ದೂರಿದರು.

ಅಕ್ಕಿಗಿಂತ ಆಸ್ಪತ್ರೆ ಮುಖ್ಯ

ಪಡಿತರ ಅಕ್ಕಿಯನ್ನು ಉಣ್ಣದ ಕುಟುಂಬಗಳೂ ಬಿಪಿಎಲ್ ಕಾರ್ಡನ್ನು ಬಿಟ್ಟುಕೊಡಲು ಏಕೆ ಒಪ್ಪುವುದಿಲ್ಲ ಎಂಬುದು ಹೊರಗಿನವರಿಗೆ ಒಗಟು. ದುರಾಸೆ ಎಂಬ ಸುಲಭದ ಉತ್ತರ ಹಲವರ ನಾಲಗೆಯ ಮೇಲೇ ಇರುತ್ತದೆ. ವಾಸ್ತವದಲ್ಲಿ ಈ ಕಾರ್ಡ್ ಅಕ್ಕಿಯ ಚೀಟಿಯಾಗಿ ಉಳಿದು ಎಷ್ಟೋ ಕಾಲವಾಗಿದೆ.

2006–07ರಲ್ಲಿ ಆರಂಭವಾದ ಭಾಗ್ಯಲಕ್ಷ್ಮಿ ಯೋಜನೆಯ ಬಾಂಡ್ ದೊರೆತದ್ದು ಬಿಪಿಎಲ್ ಕುಟುಂಬದ ಹೆಣ್ಣುಮಕ್ಕಳಿಗೆ. 2010ರಲ್ಲಿ ಗುಲ್ಬರ್ಗ ವಿಭಾಗದಲ್ಲಿ ಮೊದಲ್ಗೊಂಡ ವಾಜಪೇಯಿ ಆರೋಗ್ಯಶ್ರೀ ಯೋಜನೆ ಹೃದಯ ಶಸ್ತ್ರಚಿಕಿತ್ಸೆ, ಕ್ಯಾನ್ಸರ್ ಮುಂತಾದ ದುಬಾರಿ ಚಿಕಿತ್ಸೆಯನ್ನು ಬಿಪಿಎಲ್ ಕುಟುಂಬಗಳಿಗೆ ಉಚಿತವಾಗಿ ಒದಗಿಸಿತು. ಆ ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದ ಸಾಯುವವರ ಪ್ರಮಾಣ ಫಲಾನುಭವಿಗಳಲ್ಲಿ ಗಣನೀಯವಾಗಿ ಕಡಿಮೆಯಾದದ್ದನ್ನು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಆದ್ಯತಾ ಕಾರ್ಡ್ ಇದ್ದ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ, ಎಪಿಎಲ್ ಕುಟುಂಬಕ್ಕಾದರೆ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ 1.5 ಲಕ್ಷದ ಮಿತಿಯೊಳಗೆ.

ಈ ವ್ಯತ್ಯಾಸವೇ ಎಲ್ಲದರ ಮೂಲ. ಸ್ವಂತ ಟ್ಯಾಕ್ಸಿ ಓಡಿಸುವ, ಬೀದಿಬದಿಯಲ್ಲಿ ಇಸ್ತ್ರಿ ಅಂಗಡಿ ಇಟ್ಟ, ಖಾಸಗಿ ಶಾಲೆಯಲ್ಲಿ ಅಲ್ಪ ಸಂಬಳಕ್ಕೆ ಪಾಠ ಹೇಳುವ ವ್ಯಕ್ತಿಗೆ ಅಕ್ಕಿ ಕೊಳ್ಳುವ ಶಕ್ತಿ ಇದೆ. ತಂದೆಯ ಹೃದಯಕ್ಕೆ ಸ್ಟೆಂಟ್ ಹಾಕಿಸುವ ಶಕ್ತಿ ಇಲ್ಲ. ಮನೆಯಲ್ಲಿ ಫ್ರಿಜ್ ಇದೆಯೇ ಎಂದು ಎಣಿಸುವ ಸರ್ಕಾರಕ್ಕೆ ಈ ಭಯವನ್ನು ಅಳೆಯುವ ಮಾನದಂಡ ಗೊತ್ತಿಲ್ಲ. ಆರೋಗ್ಯದ ರಕ್ಷಣೆಯನ್ನು ಅಕ್ಕಿಯ ಕಾರ್ಡಿಗೆ ಗಂಟು ಹಾಕಿದ ಮೇಲೆ, ಅಕ್ಕಿ ಬೇಡದವರೂ ಕಾರ್ಡಿನ ಬೆನ್ನು ಹತ್ತುವುದು ಸಹಜವೇ ಸರಿ.

ಅನ್ನಭಾಗ್ಯದ ಅಕ್ಕಿ ಕಾಳಸಂತೆಗೆ ಹರಿಯುವುದರ ಹಿಂದೆಯೂ ಈ ಗಂಟಿನ ಪಾತ್ರವಿದೆ. ಲಾರಿಗಟ್ಟಲೆ ಸಾಗಿಸುವ ದಂಧೆಕೋರರ ಮಾತು ಬೇರೆ. ಅದು ಪೊಲೀಸರ ವ್ಯವಹಾರ. ಆದರೆ ಮನೆ ಮನೆಗೆ ಬಂದು ಪಡಿತರ ಅಕ್ಕಿ ಕೊಳ್ಳುವವರಿಗೆ ಅಕ್ಕಿ ಸಿಗುವುದು ಹೇಗೆ? ಆರು ತಿಂಗಳು ಪಡಿತರ ಎತ್ತದಿದ್ದರೆ ಕಾರ್ಡ್ ಅಮಾನತಾಗಬಹುದೆಂಬ ಎಚ್ಚರಿಕೆಯನ್ನು ಇಲಾಖೆ ಆಗಾಗ್ಗೆ ನೀಡುತ್ತಿರುತ್ತದೆ. ರಾಗಿ ಮುದ್ದೆ, ಜೋಳದ ರೊಟ್ಟಿ ಉಣ್ಣುವ ಮನೆಯವರು, ಸೋನಾ ಮಸೂರಿಯ ರುಚಿ ಹತ್ತಿದವರು ಆಸ್ಪತ್ರೆಗಾಗಿ ಕಾರ್ಡನ್ನು ಜೀವಂತವಾಗಿಟ್ಟುಕೊಳ್ಳಬೇಕು. ಅದಕ್ಕಾಗಿ ಬೇಡದ ಅಕ್ಕಿಯನ್ನು ಎತ್ತಬೇಕು. ಎತ್ತಿದ್ದನ್ನು ಸಿಕ್ಕಷ್ಟಕ್ಕೆ ಮಾರಬೇಕು. ದುರುಪಯೋಗ ತಡೆಯಲೆಂದು ಮಾಡಿದ ನಿಯಮವೇ ಈ ಸರಪಳಿಯ ಮೊದಲ ಕೊಂಡಿ.

ಎರಡು ಬಗೆಯ ತಪ್ಪು

ಅರ್ಹರನ್ನು ಆರಿಸುವ ಯಾವ ಯೋಜನೆಯಲ್ಲೂ ಎರಡು ತಪ್ಪುಗಳು ನಡೆಯುತ್ತವೆ. ಅನರ್ಹರು ಒಳಗೆ ಬರುವುದು ಒಂದು, ಅರ್ಹರು ಹೊರಗುಳಿಯುವುದು ಇನ್ನೊಂದು. ಒಂದನ್ನು ತಡೆಯಲು ಬಲೆಯನ್ನು ಬಿಗಿಗೊಳಿಸಿದರೆ ಇನ್ನೊಂದು ಹೆಚ್ಚುತ್ತದೆ. ಸಾರ್ವಜನಿಕ ಚರ್ಚೆ ಮಾತ್ರ ಸದಾ ಮೊದಲನೆಯ ತಪ್ಪಿನ ಸುತ್ತಲೇ ಗಿರಕಿ ಹೊಡೆಯುತ್ತದೆ. ಕಾರಣ ಸರಳ. ಕಾರಿನಲ್ಲಿ ಬಂದು ಪಡಿತರ ಒಯ್ಯುವವನು ಎಲ್ಲರ ಕಣ್ಣಿಗೂ ಬೀಳುತ್ತಾನೆ, ಮೊಬೈಲ್‌ನಲ್ಲಿ ಅವನ ಚಿತ್ರವೂ ಹರಿದಾಡುತ್ತದೆ. ಅರ್ಜಿ ಹಾಕಲೂ ಗೊತ್ತಿಲ್ಲದೆ ಮನೆಯಲ್ಲೇ ಉಳಿದವನ ಚಿತ್ರ ತೆಗೆಯುವವರಿಲ್ಲ.

2017ರ ಜುಲೈನಲ್ಲಿ ಉತ್ತರ ಕನ್ನಡ ಜಿಲ್ಲೆಯ ಗೋಕರ್ಣದಲ್ಲಿ ಒಂದೇ ದಲಿತ ಕುಟುಂಬದ ಮೂವರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ಮೃತಪಟ್ಟರು. ಆಧಾರ್ ಜೋಡಣೆಯಾಗದ ಕಾರಣ ಆ ಕುಟುಂಬಕ್ಕೆ ತಿಂಗಳುಗಟ್ಟಲೆ ಪಡಿತರ ದೊರೆತಿರಲಿಲ್ಲವೆಂದು ಸ್ಥಳಕ್ಕೆ ಭೇಟಿ ನೀಡಿದ ಪಿಯುಸಿಎಲ್ ಹೇಳಿತು. ಹಸಿವಿನಿಂದ ಸಾವು ಎಂಬುದನ್ನು ಆಡಳಿತ ಒಪ್ಪಲಿಲ್ಲ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಜಾರ್ಖಂಡ್‌ನ ಸಿಮ್ಡೇಗಾ ಜಿಲ್ಲೆಯಲ್ಲಿ ಹನ್ನೊಂದರ ಬಾಲಕಿಯೊಬ್ಬಳು ತೀರಿಕೊಂಡಾಗ ದೇಶವ್ಯಾಪಿ ಸುದ್ದಿಯಾಯಿತು. ಅಲ್ಲಿಯೂ ಆಧಾರ್ ಜೋಡಣೆಯಾಗದ ಕಾರ್ಡ್ ರದ್ದಾಗಿತ್ತು, ಅಲ್ಲಿಯೂ ಸರ್ಕಾರ ಸಾವಿಗೆ ಬೇರೆ ಕಾರಣ ನೀಡಿತ್ತು. ಗೋಕರ್ಣದ ಘಟನೆ ನಡೆದದ್ದು ಅನ್ನಭಾಗ್ಯ ಜಾರಿಯಾಗಿ ನಾಲ್ಕು ವರ್ಷಗಳ ಬಳಿಕ, ಅಕ್ಕಿ ಸಂಪೂರ್ಣ ಉಚಿತವಾಗಿದ್ದ ಕಾಲದಲ್ಲಿ ಎಂಬುದನ್ನು ಮರೆಯುವಂತಿಲ್ಲ.

ಅನರ್ಹನೊಬ್ಬ ಒಳಬಂದರೆ ಬೊಕ್ಕಸಕ್ಕೆ ತಿಂಗಳಿಗೆ ಕೆಲವು ನೂರು ರೂಪಾಯಿಗಳ ನಷ್ಟ. ಅರ್ಹನೊಬ್ಬ ಹೊರಗುಳಿದರೆ ಆಗುವ ನಷ್ಟವನ್ನು ಅದೇ ತಕ್ಕಡಿಯಲ್ಲಿ ತೂಗಲಾಗದು.

ಸೋಮಾರಿತನದ ಲೆಕ್ಕ

2013ರ ಮೇ 13ರಂದು ಅಧಿಕಾರ ಸ್ವೀಕರಿಸಿದ ದಿನವೇ ಸಿದ್ದರಾಮಯ್ಯ ಅವರು ಕೆ.ಜಿ.ಗೆ ಒಂದು ರೂಪಾಯಿ ದರದಲ್ಲಿ ಅಕ್ಕಿ ನೀಡುವ ಯೋಜನೆಯನ್ನು ಘೋಷಿಸಿದರು. ಜುಲೈನಲ್ಲಿ ಅದು ಜಾರಿಗೆ ಬಂತು. 2015ರ ಮೇ ತಿಂಗಳಿಂದ ಆ ಒಂದು ರೂಪಾಯಿಯೂ ಇಲ್ಲವಾಯಿತು. ಜನ ಸೋಮಾರಿಗಳಾಗುತ್ತಾರೆ ಎಂಬ ಆಕ್ಷೇಪ ಆಗಲೇ ಹುಟ್ಟಿಕೊಂಡಿತು. ಕೆಲವು ಸಾಹಿತಿಗಳೂ ಅದಕ್ಕೆ ದನಿಗೂಡಿಸಿದರು. ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳ ಮಾಲೀಕರು ಕೆಲಸಕ್ಕೆ ಆಳುಗಳೇ ಸಿಗುತ್ತಿಲ್ಲವೆಂದು ದೂರಿದರು.

ಆಳುಗಳ ಕೊರತೆ ಸುಳ್ಳಲ್ಲ. ಆದರೆ ಅದಕ್ಕೆ ಅಕ್ಕಿ ಎಷ್ಟು ಕಾರಣ? 2023ರ ಜುಲೈನಲ್ಲಿ ಹೆಚ್ಚುವರಿ ಅಕ್ಕಿಯನ್ನು ಮಾರಲು ಕೇಂದ್ರ ಒಪ್ಪದಿದ್ದಾಗ ರಾಜ್ಯ ಸರ್ಕಾರ ಕೆ.ಜಿ.ಗೆ 34 ರೂ.ನಂತೆ ಐದು ಕೆ.ಜಿ.ಗೆ 170 ರೂ.ಗಳನ್ನು ಪ್ರತಿ ಫಲಾನುಭವಿಯ ಲೆಕ್ಕದಲ್ಲಿ ಕುಟುಂಬದ ಖಾತೆಗೆ ಜಮೆ ಮಾಡಿತು. 2025ರ ಆರಂಭದಲ್ಲಷ್ಟೇ ಹಣದ ಬದಲು ಧಾನ್ಯ ನೀಡುವ ಕ್ರಮ ಮರಳಿತು. ಅದೇ ದರದಲ್ಲಿ ಕಟ್ಟಿದರೆ ಹತ್ತು ಕೆ.ಜಿ. ಅಕ್ಕಿಯ ಬೆಲೆ 340 ರೂ. ಕೃಷಿ ಕೂಲಿಯ ಒಂದು ದಿನದ ಗಳಿಕೆಗೆ ಹೆಚ್ಚುಕಡಿಮೆ ಸಮ. ನಾಲ್ವರ ಕುಟುಂಬಕ್ಕೆ ತಿಂಗಳಲ್ಲಿ ನಾಲ್ಕು ದಿನದ ಕೂಲಿ ಎಂದಿಟ್ಟುಕೊಂಡರೂ ಉಳಿದ ಇಪ್ಪತ್ತಾರು ದಿನ ಸೋಮಾರಿಯಾಗಿ ಕೂರಲು ಅದು ಸಾಲದು. ಬೇಳೆ, ಎಣ್ಣೆ, ಬಾಡಿಗೆ, ಮಕ್ಕಳ ಶುಲ್ಕ ಯಾವುದೂ ಅಕ್ಕಿಯಿಂದ ಹುಟ್ಟುವುದಿಲ್ಲ.

ಬದಲಾದದ್ದು ಬೇರೆಯೇ. ಮನೆಯಲ್ಲಿ ಅಕ್ಕಿ ಇದೆಯೆಂದಾದರೆ ಕೂಲಿಯವನು ಧಣಿಯ ಬಳಿ ಮುಂಗಡಕ್ಕೆ ಕೈಚಾಚುವುದು ತಪ್ಪುತ್ತದೆ. ಹೇಳಿದ ಕೂಲಿಗೆ ಒಪ್ಪದೆ, ನಾಲ್ಕು ದಿನ ಕಾದು ಬೇರೆಡೆ ಹೋಗಲು ಸಾಧ್ಯವಾಗುತ್ತದೆ. ಕೆಲಸ ಕೊಡುವವರಿಗೆ ಸೋಮಾರಿತನದಂತೆ ಕಾಣುವುದು ಕೆಲಸ ಮಾಡುವವನ ಚೌಕಾಸಿಯ ಶಕ್ತಿಯೂ ಆಗಿರಬಹುದು.

ತಮ್ಮ ತೆರಿಗೆ ಹಣ ಪೋಲಾಗುತ್ತಿದೆ ಎಂಬ ನಗರವಾಸಿಗಳ ಅಸಮಾಧಾನವೂ ಪೂರ್ಣ ನಿರಾಧಾರವಲ್ಲ. ಗುಂಡಿ ಬಿದ್ದ ರಸ್ತೆಯಲ್ಲಿ ದಿನವೂ ಓಡಾಡುವವರು ಹಣ ಎಲ್ಲಿ ಹೋಗುತ್ತಿದೆ ಎಂದು ಕೇಳುವುದು ನ್ಯಾಯವೇ. ಆದರೆ ತೆರಿಗೆ ಕಟ್ಟುವುದು ತಾವು ಮಾತ್ರ ಎಂಬ ಭಾವನೆ ಸರಿಯಲ್ಲ. ಮೊಬೈಲ್ ರೀಚಾರ್ಜ್ ಮಾಡಿಸುವ ಕೂಲಿಕಾರ್ತಿಯೂ ಜಿಎಸ್‌ಟಿ ಕಟ್ಟುತ್ತಾಳೆ. 2022ರ ಜುಲೈ 18ರಿಂದ ಪೊಟ್ಟಣ ಕಟ್ಟಿದ ಅಕ್ಕಿಯ ಮೇಲೂ ಶೇ 5ರ ತೆರಿಗೆ ಬಿತ್ತು. ಇತ್ತ 2025ರ ಕೇಂದ್ರ ಬಜೆಟ್‌ನಲ್ಲಿ ಹೊಸ ಪದ್ಧತಿಯಡಿ 12 ಲಕ್ಷ ರೂ.ವರೆಗಿನ ಆದಾಯಕ್ಕೆ ತೆರಿಗೆ ಇಲ್ಲವೆಂದಾಗ ಕೇಂದ್ರಕ್ಕೆ ಸುಮಾರು 1 ಲಕ್ಷ ಕೋಟಿ ರೂ. ವರಮಾನ ತಪ್ಪಿತು. 2019ರ ಸೆಪ್ಟೆಂಬರ್‌ನಲ್ಲಿ ಕಂಪನಿಗಳ ತೆರಿಗೆ ಇಳಿಸಿದಾಗ ತಪ್ಪಿದ ವರಮಾನ 1.45 ಲಕ್ಷ ಕೋಟಿ ಎಂದು ಸರ್ಕಾರವೇ ಅಂದಾಜಿಸಿತ್ತು. ಇವನ್ನು ಯಾರೂ ಬಿಟ್ಟಿ ಭಾಗ್ಯವೆನ್ನಲಿಲ್ಲ. ತಾನು ದುಡಿದದ್ದನ್ನು ತನ್ನಲ್ಲೇ ಉಳಿಸುವುದಕ್ಕೂ ಬೇರೆಯವರ ಹಣ ಪಡೆಯುವುದಕ್ಕೂ ವ್ಯತ್ಯಾಸವಿದೆ ಎಂಬ ವಾದ ತಳ್ಳಿಹಾಕುವಂಥದ್ದಲ್ಲ. ಆದರೆ ಬೊಕ್ಕಸದ ಮಟ್ಟಿಗೆ ಬಾರದ ರೂಪಾಯಿಯೂ ಹೋದ ರೂಪಾಯಿಯೂ ಒಂದೇ.

ರಾಜಕೀಯ ಪಕ್ಷಗಳಂತೂ ಈ ವಿಷಯದಲ್ಲಿ ಮಾತಿಗೆ ನಿಂತವರಲ್ಲ. 2022ರ ಜುಲೈ 16ರಂದು ಉತ್ತರ ಪ್ರದೇಶದ ಜಾಲೌನ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರು ‘ರೇವಡಿ’ ಸಂಸ್ಕೃತಿಯ ವಿರುದ್ಧ ಎಚ್ಚರಿಸಿದರು. ಮರುವರ್ಷವೇ ಅವರ ಪಕ್ಷದ ಮಧ್ಯಪ್ರದೇಶ ಸರ್ಕಾರ ಲಾಡ್ಲಿ ಬೆಹನಾ ಯೋಜನೆ ತಂದಿತು. 2024ರಲ್ಲಿ ಮಹಾರಾಷ್ಟ್ರದಲ್ಲಿ ಲಾಡ್ಕಿ ಬಹೀಣ್ ಬಂತು. 2025ರ ಸೆಪ್ಟೆಂಬರ್‌ನಲ್ಲಿ, ಚುನಾವಣೆಯ ಹೊಸ್ತಿಲಲ್ಲಿದ್ದ ಬಿಹಾರದಲ್ಲಿ ಮಹಿಳೆಯರ ಖಾತೆಗೆ ತಲಾ 10,000 ರೂ. ಜಮೆಯಾಯಿತು. ಹಾಗೆಂದು ಇಂಥ ಯೋಜನೆಗಳು ಮತಗಳನ್ನು ಕೊಂಡೇ ಬಿಡುತ್ತವೆ ಎಂಬುದಕ್ಕೆ ಕರ್ನಾಟಕದ ಫಲಿತಾಂಶಗಳು ಸಾಕ್ಷಿ ಹೇಳುವುದಿಲ್ಲ. ಐದು ವರ್ಷ ಅನ್ನಭಾಗ್ಯ ನಡೆಸಿದ ಕಾಂಗ್ರೆಸ್ 2018ರಲ್ಲಿ ಬಹುಮತ ಕಳೆದುಕೊಂಡಿತು. ಗ್ಯಾರಂಟಿಗಳ ಭರವಸೆ ನೀಡಿ 2023ರಲ್ಲಿ 135 ಸ್ಥಾನ ಗೆದ್ದ ಪಕ್ಷ, ಅವು ಜಾರಿಯಲ್ಲಿದ್ದಾಗಲೇ ನಡೆದ 2024ರ ಲೋಕಸಭಾ ಚುನಾವಣೆಯಲ್ಲಿ 28ರಲ್ಲಿ 9 ಸ್ಥಾನಕ್ಕೆ ತೃಪ್ತಿಪಡಬೇಕಾಯಿತು. ಅಕ್ಕಿ ಉಂಡ ಮತದಾರ ಅಕ್ಕಿಯ ಋಣಕ್ಕೆ ಬಿದ್ದಂತೆ ಕಾಣುವುದಿಲ್ಲ.

ಎಲ್ಲರಿಗೂ ಕೊಟ್ಟರೆ?

ಗೆರೆ ಇಲ್ಲದ ಯೋಜನೆಗಳ ಬಗ್ಗೆ ಜನರ ಧೋರಣೆ ಬೇರೆಯಾಗಿರುತ್ತದೆ. ಅಕ್ಷರ ದಾಸೋಹ 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ರಾಜ್ಯದ ಉಳಿದೆಡೆಗೆ ವಿಸ್ತರಿಸಿದಾಗ ಶಾಲೆ ಅಡುಗೆಮನೆಯಾಯಿತೆಂಬ ಗೊಣಗಾಟವಿತ್ತು. ಈಗ ಅದನ್ನು ನಿಲ್ಲಿಸಿ ಎನ್ನುವ ಧೈರ್ಯ ಯಾವ ಪಕ್ಷಕ್ಕೂ ಇಲ್ಲ. ತಟ್ಟೆ ಹಿಡಿದು ಕುಳಿತ ಮಗುವಿನ ತಂದೆಯ ಆದಾಯವೆಷ್ಟೆಂದು ಯಾರೂ ಕೇಳುವುದಿಲ್ಲ. 2023ರ ಜೂನ್ 11ರಂದು ಜಾರಿಯಾದ ಶಕ್ತಿ ಯೋಜನೆಯೂ ಇದೇ ಬಗೆಯದು. ಮಹಿಳೆಯರು ದೇವಸ್ಥಾನ ಸುತ್ತುತ್ತಾರೆಂಬ ಗೇಲಿ ಕೇಳಿಬಂತು, ಆಟೊ ಚಾಲಕರು ಮತ್ತು ಖಾಸಗಿ ಬಸ್ ಮಾಲೀಕರು ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಬಂದ್ ನಡೆಸಿದರು. ಆದರೆ ಅನರ್ಹ ಪ್ರಯಾಣಿಕರ ಪತ್ತೆ, ಕಾರ್ಡ್ ರದ್ದು, ಮರುಪರಿಶೀಲನೆ ಎಂಬ ತಲೆನೋವುಗಳು ಅಲ್ಲಿಲ್ಲ.

ನೆರೆಯ ತಮಿಳುನಾಡು 1997ರ ಬಳಿಕವೂ ಪಡಿತರದಲ್ಲಿ ಬಡವ–ಬಲ್ಲಿದರ ಗೆರೆ ಎಳೆಯಲು ಒಪ್ಪಲಿಲ್ಲ. ಅಲ್ಲಿ ಅಕ್ಕಿ ಬೇಡವೆನ್ನುವವರು ಸಕ್ಕರೆಯ ಕಾರ್ಡನ್ನು ಆಯ್ದುಕೊಳ್ಳಬಹುದು. ಉಳ್ಳವರನ್ನು ಅಧಿಕಾರಿ ಹೊರಹಾಕುವುದಿಲ್ಲ, ಅವರಾಗಿಯೇ ಹೊರಗುಳಿಯುತ್ತಾರೆ. ಕರ್ನಾಟಕದಲ್ಲಿ ಸ್ವಯಂಪ್ರೇರಿತರಾಗಿ ಕಾರ್ಡ್ ಹಿಂದಿರುಗಿಸಿ ಎಂಬ ಕರೆ ಫಲ ಕೊಡದಿರಲು ಕಾರಣವೂ ಇಲ್ಲಿಯೇ ಇದೆ. ಅಕ್ಕಿಯನ್ನು ಬಿಟ್ಟವನು ಜೊತೆಗೇ ಆಸ್ಪತ್ರೆಯನ್ನೂ ಬಿಡಬೇಕಾಗುತ್ತದೆ.

ಹಾಗಂತ ಎಲ್ಲವನ್ನೂ ಎಲ್ಲರಿಗೂ ಕೊಡುವುದು ದುಡ್ಡಿಲ್ಲದೆ ಆಗುವ ಕೆಲಸವಲ್ಲ. 2025–26ರ ರಾಜ್ಯ ಬಜೆಟ್‌ನಲ್ಲಿ ಐದು ಗ್ಯಾರಂಟಿಗಳಿಗೆ ತೆಗೆದಿರಿಸಿದ್ದು 51,034 ಕೋಟಿ ರೂ., ಅಂದರೆ 4.09 ಲಕ್ಷ ಕೋಟಿಯ ಒಟ್ಟು ಗಾತ್ರದಲ್ಲಿ ಎಂಟನೇ ಒಂದು ಭಾಗ. ಗೃಹಲಕ್ಷ್ಮಿಯ ಕಂತುಗಳು ತಡವಾಗುತ್ತಿವೆ ಎಂಬ ದೂರು ಪದೇ ಪದೇ ಕೇಳಿಬಂದಿದೆ. ಪರಿಶಿಷ್ಟರ ಅಭಿವೃದ್ಧಿಗೆಂದೇ 2013ರ ಕಾಯ್ದೆಯಡಿ ಮೀಸಲಾದ ನಿಧಿಯಿಂದ 2023–24ರಲ್ಲಿ ಸುಮಾರು 11,000 ಕೋಟಿ ರೂ.ಗಳನ್ನು ಗ್ಯಾರಂಟಿಗಳಿಗೆ ಬಳಸಿದ್ದು ದಲಿತ ಸಂಘಟನೆಗಳ ಆಕ್ರೋಶಕ್ಕೆ ಕಾರಣವಾಯಿತು. ಬಿಟ್ಟಿ ಎಂಬ ಮೂದಲಿಕೆಗಿಂತ ಇದು ಹೆಚ್ಚು ಗಂಭೀರ ಟೀಕೆ. ಇದಕ್ಕೆ ಸರ್ಕಾರ ಕೊಟ್ಟ ಸಮರ್ಥನೆ, ಫಲಾನುಭವಿಗಳಲ್ಲಿ ಪರಿಶಿಷ್ಟರೂ ಇದ್ದಾರೆ ಎಂಬುದು, ಕಾಯ್ದೆಯ ಆಶಯಕ್ಕೆ ಹೊಂದುವುದು ಕಷ್ಟ. ಗೃಹಜ್ಯೋತಿಯ ಸೂತ್ರವೂ ಪ್ರಶ್ನಾರ್ಹವೇ. ಕುಟುಂಬದ ಹಿಂದಿನ ಸರಾಸರಿ ಬಳಕೆಗೆ ಶೇ 10 ಸೇರಿಸಿ, 200 ಯೂನಿಟ್ ಮಿತಿಯೊಳಗೆ ಉಚಿತವೆಂದಾಗ, 150 ಯೂನಿಟ್ ಉರಿಸುತ್ತಿದ್ದ ಮನೆಗೆ 165, ಎರಡೇ ಬಲ್ಬಿನ ಮನೆಗೆ ಅದರ ಕಾಲುಭಾಗವೂ ಇಲ್ಲ. ಕಡಿಮೆ ಬಳಸುವವರಿಗೆ ಆಮೇಲೆ ಹತ್ತು ಯೂನಿಟ್ ಸೇರಿಸಿದರೂ ಹೆಚ್ಚು ಉಳ್ಳವರಿಗೆ ಹೆಚ್ಚು ದೊರೆಯುವ ಸೂತ್ರ ಬದಲಾಗಲಿಲ್ಲ.

ಗಣತಿಗಾಗಿ ಕಾಯುತ್ತಿರುವವರು

ಸದ್ಯದ ಬಿಕ್ಕಟ್ಟಿಗೆ ಇನ್ನೂ ಒಂದು ಕಾರಣವಿದೆ. ಆಹಾರ ಭದ್ರತಾ ಕಾಯ್ದೆಯಡಿ ರಾಜ್ಯಗಳ ಪಾಲು ನಿಗದಿಯಾಗಿರುವುದು 2011ರ ಜನಗಣತಿಯ ಆಧಾರದ ಮೇಲೆ. 2021ರಲ್ಲಿ ನಡೆಯಬೇಕಿದ್ದ ಗಣತಿ ಮುಂದಕ್ಕೆ ಹೋಯಿತು. ಹೀಗಾಗಿ ಹೊಸದಾಗಿ ಮದುವೆಯಾಗಿ ಬೇರೆ ಸಂಸಾರ ಹೂಡಿದವರು, ಯಾದಗಿರಿ, ರಾಯಚೂರು ಕಡೆಯಿಂದ ಬೆಂಗಳೂರಿಗೆ ಗುಳೆ ಬಂದು ಶೆಡ್ಡುಗಳಲ್ಲಿ ನೆಲೆಸಿದವರು ಕೇಂದ್ರದ ಲೆಕ್ಕದೊಳಗೆ ಸೇರಬೇಕಾದರೆ ಇರುವವರಲ್ಲಿ ಯಾರಾದರೂ ಹೊರಹೋಗಬೇಕು. ಮಿತಿ ಮೀರಿ ಕೊಟ್ಟ ಕಾರ್ಡ್‌ಗಳ ಹೊರೆ ರಾಜ್ಯದ ಹೆಗಲ ಮೇಲೆ. ಅನರ್ಹರನ್ನು ಹುಡುಕುವ ಉತ್ಸಾಹ ಆಗಾಗ್ಗೆ ಉಕ್ಕುವುದರ ಹಿಂದೆ ಈ ಇಕ್ಕಟ್ಟೂ ಇದೆ. ಇ–ಶ್ರಮ್ ಪೋರ್ಟಲ್‌ನಲ್ಲಿ ನೋಂದಾಯಿಸಿಯೂ ಪಡಿತರ ಚೀಟಿ ಇಲ್ಲದ ಸುಮಾರು 8 ಕೋಟಿ ಕಾರ್ಮಿಕರಿಗೆ ಕಾರ್ಡ್ ನೀಡಬೇಕೆಂದು ಸುಪ್ರೀಂ ಕೋರ್ಟ್ 2024ರಲ್ಲಿ ನಿರ್ದೇಶಿಸಿದಾಗ, ಕಾಯ್ದೆಯ ಸಂಖ್ಯಾಮಿತಿಯನ್ನು ಅದಕ್ಕೆ ಅಡ್ಡಿಯಾಗಿಸಬಾರದೆಂದೂ ಸ್ಪಷ್ಟಪಡಿಸಿತ್ತು.

ಮುಂದಿನ ಜನಗಣತಿಯ ಉಲ್ಲೇಖ ದಿನವಾಗಿ 2027ರ ಮಾರ್ಚ್ 1ನ್ನು ಕೇಂದ್ರ ಸರ್ಕಾರ ಗೊತ್ತುಪಡಿಸಿದೆ. ಅದರ ಅಂಕಿಅಂಶಗಳು ಪ್ರಕಟವಾದ ಬಳಿಕವೇ ರಾಜ್ಯಗಳ ಪಾಲಿನ ಮರುನಿಗದಿ ಸಾಧ್ಯ. ಅಲ್ಲಿಯವರೆಗೆ ಹೊಸ ಕಾರ್ಡಿಗೆ ಅರ್ಜಿ ಹಾಕಿದವರು 2011ರಲ್ಲಿ ಎಣಿಕೆಯಾದ ಕರ್ನಾಟಕದೊಳಗೇ ತಮ್ಮ ಜಾಗವನ್ನು ಹುಡುಕಿಕೊಳ್ಳಬೇಕಾಗಿದೆ.